ಅಂಚೆಗಾಡಿಯಲ್ಲಿ ಬಂದ ಹಾಡು

ನ್ಯೂಜಿಲೆಂಡಿನಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳೇ, ಶಾಲೆಯ ಸಭೆಗಳಲ್ಲಿ ಮೊದಲು ಮಾವೊರಿಯಲ್ಲಿಯೂ ಅನಂತರ ಇಂಗ್ಲಿಷಿನಲ್ಲಿಯೂ ನೀವು ಹಾಡುವ ರಾಷ್ಟ್ರಗೀತೆಯನ್ನು ರಚಿಸಿದ ಥಾಮಸ್ ಬ್ರಾಕನ್ ಎಂಬ ಕವಿಯು, ನಿಮ್ಮ ತಾಯ್ತಂದೆಯರಂತೆಯೇ ಕಡಲು ದಾಟಿ ಬಂದು ಈ ನೆಲದ ಅನ್ನವನ್ನುಂಡವನು.

ಐರ್ಲೆಂಡಿನಲ್ಲಿ ಜನಿಸಿ, ಎಳವೆಯಲ್ಲಿಯೇ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು, 12ರ ಪ್ರಾಯದಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿದ್ದ ಬಂಧುವಿನ ಆಶ್ರಯಕ್ಕೆಂದು ಹಡಗು ಹತ್ತಿದ ಆ ಬಾಲಕನು, ಹೊಲದಲ್ಲಿ ದುಡಿದು, ಕುರಿಗಳ ಉಣ್ಣೆ ಕತ್ತರಿಸಿ, ಚಿನ್ನದಾಸೆಯಿಂದ ಮಣ್ಣನ್ನಗೆದು, ಆ ಕಷ್ಟದ ನಡುವೆಯೇ ಪದ್ಯ ಕಟ್ಟುವುದನ್ನು ಕಲಿತು, 1869ರಲ್ಲಿ ಡನೀಡನ್ ಪಟ್ಟಣಕ್ಕೆ ಬಂದು ಪತ್ರಿಕಾವೃತ್ತಿಯನ್ನು ಹಿಡಿದನು. 1875ರಲ್ಲಿ ಮಿತ್ರರೊಡಗೂಡಿ ಅವನು ಆರಂಭಿಸಿದ ‘ಸ್ಯಾಟರ್ಡೇ ಅಡ್ವರ್ಟೈಸರ್’ ಎಂಬ ವಾರಪತ್ರಿಕೆಯು, ದೂರದ ಇಂಗ್ಲೆಂಡಿನ ಬರಹಗಳನ್ನೇ ನೆಚ್ಚಿ ಕೂರದೆ, ಈ ನೆಲದಲ್ಲಿ ಬಾಳುವವರ ಸಾಹಿತ್ಯಕ್ಕೆ ಆಸರೆಯಾಗಬೇಕೆಂಬ ಸಂಕಲ್ಪದಿಂದ ಹೊರಟಿತು.

1876ರಲ್ಲಿ ಅವನ ಗೀತೆಯು ಆ ಪತ್ರಿಕೆಯಲ್ಲಿ ಅಚ್ಚಾಗಿ, ಅದಕ್ಕೆ ತಕ್ಕ ರಾಗವನ್ನು ಹೊಂದಿಸಿದವರಿಗೆ 10 ಗಿನಿಗಳ ಬಹುಮಾನವು ಘೋಷಿತವಾಯಿತು. ಒಟಾಗೊ ಪ್ರಾಂತದ ಲಾರೆನ್ಸ್ ಎಂಬ ಗಣಿಯೂರಿಗೆ ಅಂಚೆಯ ಕುದುರೆಗಾಡಿಯು ಒಂದಿರುಳು ತಂದಿಳಿಸಿದ ಆ ಸಂಚಿಕೆಯನ್ನು ಬಿಡಿಸಿ ಓದಿದ ಜಾನ್ ಜೋಸೆಫ್ ವುಡ್ಸ್ ಎಂಬ ಶಾಲಾ ಉಪಾಧ್ಯಾಯನು, ಒಡನೆಯೇ ಸ್ವರ ಹಾಕತೊಡಗಿ, ರಾತ್ರಿ ಬಹಳ ಹೊತ್ತಾಗಿ ಕೊನೆಯ ಸ್ವರವೂ ಕೂಡಿಬರುವವರೆಗೆ ಕುಳಿತಲ್ಲಿಂದ ಏಳಲಿಲ್ಲ. ಬಂದ 12 ರಚನೆಗಳನ್ನು ಮೆಲ್ಬರ್ನಿನ ಮೂವರು ಸಂಗೀತಜ್ಞರು ಬೇರೆ ಬೇರೆಯಾಗಿ ಪರಿಶೀಲಿಸಿದರೂ ಮೂವರ ಆಯ್ಕೆಯೂ ಅವನದೇ ಆಯಿತು. ಆ ವರ್ಷದ ಕ್ರಿಸ್‌ಮಸ್ ದಿನದಂದು ಡನೀಡನ್ನಿನಲ್ಲಿ ಗೀತೆಯು ಮೊದಲ ಬಾರಿಗೆ ಮೊಳಗಿತು. ಎರಡು ವರ್ಷಗಳ ಮೇಲೆ, 1878ರಲ್ಲಿ, ಟಿ. ಎಚ್. ಸ್ಮಿತ್ ಎಂಬ ನ್ಯಾಯಾಧೀಶನು ಅದಕ್ಕೆ ಮಾವೊರಿಯ ರೂಪವನ್ನಿತ್ತನು.

1898ರಲ್ಲಿ ಬಡತನದಲ್ಲಿಯೇ ಕಣ್ಮುಚ್ಚಿದ ಕವಿಯು, 1977ರಲ್ಲಿ ತನ್ನ ಪದ್ಯಕ್ಕೆ ರಾಷ್ಟ್ರಗೀತೆಯ ಪದವಿ ದೊರೆತುದನ್ನು ಕಾಣಲಿಲ್ಲ. ಆದರೆ ಅವನು ನೆಟ್ಟ ಪತ್ರಿಕೆಯಿಲ್ಲದಿದ್ದರೆ ಆ ಮಾತುಗಳು ಗುಡ್ಡದಾಚೆಯ ಉಪಾಧ್ಯಾಯನನ್ನು ಮುಟ್ಟುವ ಬಗೆಯೆಂತು?

ಆದುದರಿಂದ, ಮಕ್ಕಳೇ, ನಮ್ಮ ಕೂಟದ ಈ ಸಂಚಿಕೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ ಎಂದು ಹಿರಿಯರು ಕೇಳಿದಾಗ, ಓದುವವರು ಎಷ್ಟು ಮಂದಿ ಎಂದು ಎಣಿಸುತ್ತ ಕೂರದಿರಿ. ಬ್ರಾಕನ್ನನ ಹಾಡಿಗೆ ದನಿಯನ್ನಿತ್ತವನು, ದೀಪದ ಬೆಳಕಿನಲ್ಲಿ ಪತ್ರಿಕೆ ಬಿಡಿಸಿದ ಒಬ್ಬನೇ ಒಬ್ಬ ಓದುಗನು.