ಸ್ಟಾನಿಸ್ಲಾವ್‌ಸ್ಕಿ: ರಂಗಭೂಮಿಯ ಚಿರವಿದ್ಯಾರ್ಥಿ

ರಂಗಕಲೆಯನ್ನು ಕಲಿಯಲೆಂದು ಬರುವ ವಿದ್ಯಾರ್ಥಿಗೆ ಮೊದಲ ಕೆಲವು ವಾರಗಳಲ್ಲಿಯೇ ಹಲವು ಪಾರಿಭಾಷಿಕ ಪದಗಳ ಪರಿಚಯವಾಗುತ್ತದೆ: ದತ್ತ ಸನ್ನಿವೇಶ, ‘ಒಂದು ವೇಳೆ’ ಎಂಬ ಮಾಯಾಪದ, ಪಾತ್ರದ ಉದ್ದೇಶ, ಭಾವಸ್ಮರಣೆ, ದೈಹಿಕ ಕ್ರಿಯೆ. ಇವುಗಳ ಲಕ್ಷಣಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವುದು ಕಷ್ಟವಲ್ಲ. ನಾಟಕದ ಪಾಠ ಹೇಳುವ ನನ್ನಂಥವರಿಗೂ ಅವನ್ನು ಕರಿಹಲಗೆಯ ಮೇಲೆ ಸಾಲಾಗಿ ಬರೆದು ಮುಗಿಸುವುದು ಸುಲಭವೇ. ಆದರೆ ಈ ಪದಗಳಲ್ಲಿ ಒಂದೊಂದೂ ಒಬ್ಬ ನಟನ ಬಾಳಿನಲ್ಲಿ ಎದುರಾದ ಒಂದೊಂದು ತೊಡಕಿಗೆ ಅವನೇ ಹುಡುಕಿಕೊಂಡ ಉತ್ತರವೆಂಬುದನ್ನು ಅರಿತಾಗಲೇ ಅವುಗಳಿಗೆ ಜೀವ ಬರುವುದೆಂದು ನನ್ನ ನಂಬಿಕೆ. ಆ ನಟ ರಷ್ಯದ ಕಾನ್‌ಸ್ಟಂಟೀನ್ ಸ್ಟಾನಿಸ್ಲಾವ್‌ಸ್ಕಿ.

ಆತ ಹುಟ್ಟಿದ್ದು 1863ರಲ್ಲಿ, ಮಾಸ್ಕೋ ನಗರದಲ್ಲಿ. ಮನೆತನದ ಹೆಸರು ಅಲೆಕ್ಸೇಯೆವ್. ಚಿನ್ನ ಬೆಳ್ಳಿಯ ಜರಿ ತಯಾರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದ ಸಿರಿವಂತ ವರ್ತಕರ ಮನೆ ಅದು. ಆತ ಇನ್ನೂ ಎಳೆಯ ಮಗುವಾಗಿದ್ದಾಗ ಮನೆಯಲ್ಲಿ ಋತುಗಳ ದೃಶ್ಯವೊಂದನ್ನು ಏರ್ಪಡಿಸಿದ್ದರು. ಅವನದು ಚಳಿಗಾಲದ ಪಾತ್ರ. ಸುತ್ತಲೂ ಹತ್ತಿಯ ಹಿಮ, ಮುಖಕ್ಕೆ ಬಿಳಿಯ ಗಡ್ಡ. ಏನೂ ಮಾಡದೆ ಎಲ್ಲರ ಕಣ್ಣೆದುರಿಗೆ ಕುಳಿತಿರಬೇಕಾದಾಗ ಮಗುವಿಗೆ ತಡೆಯಲಾರದ ಮುಜುಗರವಾಯಿತು. ಬಳಿಕ ಕೈಗೊಂದು ಕಡ್ಡಿ ಕೊಟ್ಟು, ಮುಂದಿದ್ದ ಮೇಣದ ಬತ್ತಿಗೆ ಅದನ್ನು ಹಿಡಿದಂತೆ ನಟಿಸಲು ಹೇಳಿದರು. ಮಗು ನಟಿಸಲಿಲ್ಲ; ನಿಜವಾಗಿಯೇ ಹಿಡಿಯಿತು. ಹತ್ತಿಗೆ ಬೆಂಕಿ ತಗುಲಿ ಮನೆಯವರು ಗಾಬರಿಗೊಂಡರು. ರಂಗದ ಮೇಲೆ ಉದ್ದೇಶವಿಲ್ಲದೆ ಇರುವುದು ಎಷ್ಟು ಅಸಹ್ಯ, ಮಾಡಲೊಂದು ಕೆಲಸವಿದ್ದರೆ ಎಷ್ಟು ಹಿತ ಎಂಬುದನ್ನು ಆತ ಮುದುಕನಾಗುವವರೆಗೂ ಮರೆಯಲಿಲ್ಲ.

1877ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಲ್ಯೂಬಿಮೋವ್ಕಾ ಎಂಬ ಹಳ್ಳಿಯ ತಮ್ಮ ಎಸ್ಟೇಟಿನ ಪುಟ್ಟ ರಂಗಮಂದಿರದಲ್ಲಿ ಆತ ಮೊದಲ ಸಲ ಪಾತ್ರ ವಹಿಸಿದ. ಅಂದಿನಿಂದಲೇ ತನ್ನ ಅಭಿನಯದ ಗುಣದೋಷಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಬೆಳೆಯಿತು. ಕನ್ನಡಿಯ ಮುಂದೆ ಗಂಟೆಗಟ್ಟಲೆ ಸಾಧನೆ ಮಾಡಿದ. ಹೆಸರಾಂತ ನಟರ ದನಿಯನ್ನೂ ನಡಿಗೆಯನ್ನೂ ಅನುಕರಿಸಿದ. ವರ್ತಕ ಮನೆತನದ ಮರ್ಯಾದೆಗೆ ಕುಂದು ಬಾರದಿರಲೆಂದು ಸ್ಟಾನಿಸ್ಲಾವ್‌ಸ್ಕಿ ಎಂಬ ರಂಗನಾಮವನ್ನು ಇಟ್ಟುಕೊಂಡ. 1888ರಲ್ಲಿ ಕಲಾ ಸಾಹಿತ್ಯ ಸಂಘವನ್ನು ಸ್ಥಾಪಿಸಿ ಹತ್ತು ವರ್ಷ ಹವ್ಯಾಸಿಗಳೊಡನೆ ದುಡಿದ.

ಆಗಿನ ರಷ್ಯದ ರಂಗಭೂಮಿಯಲ್ಲಿ ಪ್ರತಿಭೆಗೇನೂ ಕೊರತೆಯಿರಲಿಲ್ಲ, ಕೊರತೆಯಿದ್ದುದು ಶಿಸ್ತಿಗೆ. ತಾಲೀಮು ಕೆಲವೇ ದಿನ. ಒಂದೇ ಪರದೆ ಹತ್ತು ನಾಟಕಗಳಿಗೆ. ಪ್ರಧಾನ ನಟನಿಗೆ ಉಳಿದವರೆಲ್ಲ ಹಿನ್ನೆಲೆ. ಈ ಅವಸ್ಥೆಯಿಂದ ಬೇಸತ್ತ ಇನ್ನೊಬ್ಬನೆಂದರೆ ನಾಟಕಕಾರನೂ ಶಿಕ್ಷಕನೂ ಆಗಿದ್ದ ನೆಮಿರೋವಿಚ್ ದಾನ್ಚೆಂಕೋ. 1897ರ ಜೂನ್ ತಿಂಗಳಲ್ಲಿ ಇಬ್ಬರೂ ಮಾಸ್ಕೋದ ಉಪಾಹಾರ ಗೃಹವೊಂದರಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮಾತಿಗೆ ಕುಳಿತರು. ಮಾತು ಮುಗಿದದ್ದು ಲ್ಯೂಬಿಮೋವ್ಕಾದಲ್ಲಿ, ಮರುದಿನ ಬೆಳಗಿನ ಎಂಟಕ್ಕೆ. ಆ ಹದಿನೆಂಟು ಗಂಟೆಗಳ ಫಲವೇ 1898ರಲ್ಲಿ ಬಾಗಿಲು ತೆರೆದ ಮಾಸ್ಕೋ ಕಲಾ ರಂಗಮಂದಿರ. ಇಂದು ನಾಯಕನಾದವನು ನಾಳೆ ಮಾತಿಲ್ಲದ ಸೇವಕನ ಪಾತ್ರಕ್ಕೂ ಸಿದ್ಧನಿರಬೇಕೆಂಬುದು ಅಲ್ಲಿಯ ಕಟ್ಟಳೆಯಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಆಡಿದ ಚೆಕಾಫನ ‘ಕಡಲ ಹಕ್ಕಿ’ ನಾಟಕ, 1896ರಲ್ಲಿ ಪೀಟರ್ಸ್‌ಬರ್ಗಿನ ಪ್ರೇಕ್ಷಕರ ನಗೆಗೀಡಾಗಿ ಬಿದ್ದುಹೋಗಿದ್ದ ಕೃತಿ. ಈ ನಾಟಕದ ಜನ ತಮ್ಮ ದುಃಖವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಚಹಾ ಕುಡಿಯುತ್ತಾರೆ, ಹವೆಯ ವಿಷಯ ಮಾತಾಡುತ್ತಾರೆ. ಎದೆಯ ಕುದಿ ಮಾತಿನ ಅಡಿಯಲ್ಲೆಲ್ಲೋ ಹರಿಯುತ್ತಿರುತ್ತದೆ. ರಂಗಶಾಸ್ತ್ರದಲ್ಲಿ ಅಂತರಾರ್ಥವೆಂದು ಕರೆಯುವ ಪರಿಕಲ್ಪನೆ ಇದೇ. ಧ್ವನ್ಯಾಲೋಕವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಇದು ತೀರ ಅಪರಿಚಿತವೆನಿಸಲಾರದು. ಭೋರ್ಗರೆಯುವ ಅಭಿನಯಕ್ಕೆ ಇಲ್ಲಿ ಎಡೆಯಿರಲಿಲ್ಲ. ಮೊದಲ ಅಂಕ ಮುಗಿದಾಗ ಸಭೆ ಬಹಳ ಹೊತ್ತು ನಿಶ್ಶಬ್ದವಾಗಿದ್ದು, ಆಮೇಲೆ ಒಮ್ಮೆಲೆ ಚಪ್ಪಾಳೆಯ ಮಳೆಗರೆಯಿತು. ಹಕ್ಕಿಯ ಚಿತ್ರವೇ ಆ ಮಂದಿರದ ಲಾಂಛನವಾಯಿತು.

ಕೀರ್ತಿ ಬಂದ ಮೇಲೆ ಕಷ್ಟ ಬಂತು. 1904ರಲ್ಲಿ ಚೆಕಾಫ್ ತೀರಿಕೊಂಡ. 1906ರಲ್ಲಿ ಯೂರೋಪಿನ ಪ್ರವಾಸದಲ್ಲಿ ಹೊಗಳಿಕೆಗೇನೂ ಕಡಮೆಯಾಗಲಿಲ್ಲ. ಆದರೆ ಆ ಬೇಸಗೆಯಲ್ಲಿ ವಿಶ್ರಾಂತಿಗಾಗಿ ಫಿನ್‌ಲೆಂಡಿಗೆ ಹೋದ ಸ್ಟಾನಿಸ್ಲಾವ್‌ಸ್ಕಿ, ಕಡಲ ದಂಡೆಯ ಬಂಡೆಯ ಮೇಲೆ ಕುಳಿತು ತನ್ನ ಪಾತ್ರಗಳನ್ನು ಒಂದೊಂದಾಗಿ ನೆನೆದಾಗ ಅವೆಲ್ಲ ಒಳಗೆ ಸತ್ತುಹೋಗಿದ್ದುದನ್ನು ಕಂಡ. ಇಬ್ಸೆನನ ಡಾಕ್ಟರ್ ಸ್ಟಾಕ್‌ಮನ್ ಪಾತ್ರ ಒಂದು ಕಾಲಕ್ಕೆ ಆತನ ಜೀವವೇ ಆಗಿತ್ತು. ಈಗ ಉಳಿದಿದ್ದುದು ಹೊರಗಿನ ಕೈಸನ್ನೆ, ನಡಿಗೆ ಮಾತ್ರ. ಪ್ರೇಕ್ಷಕರಿಗೆ ಈ ಸಾವು ಕಾಣಿಸಿರಲಿಲ್ಲ; ನಟನಿಗೆ ಕಂಡಿತು. ಪ್ರೇರಣೆ ತಾನಾಗಿ ಬಂದಾಗ ಎಲ್ಲರೂ ಚೆನ್ನಾಗಿಯೇ ಅಭಿನಯಿಸುತ್ತಾರೆ. ಅದು ಬಾರದ ದಿನ ನಟ ಏನು ಮಾಡಬೇಕು? ‘ಪದ್ಧತಿ’ ಎಂದು ಹೆಸರಾದ ಅವನ ಸಾಧನೆಯೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿತು.

ಭಾವವನ್ನು ನೇರವಾಗಿ ಬಾ ಎಂದರೆ ಅದು ಬಾರದು; ಅದು ಬರುವ ದಾರಿಯನ್ನು ಮಾತ್ರ ಹಸನು ಮಾಡಬಹುದು. ಇದೇ ಅವನ ಮೊದಲ ಸಿದ್ಧಾಂತ. ನಾಟಕಕಾರ ಕೊಟ್ಟಿರುವ ಕಾಲ, ಸ್ಥಳ, ಸಂಬಂಧ, ಹಿಂದಿನ ಕಥೆ ಇವೆಲ್ಲ ದತ್ತ ಸನ್ನಿವೇಶ. ಒಂದು ವೇಳೆ ಈ ಸನ್ನಿವೇಶದಲ್ಲಿ ನಾನೇ ಸಿಕ್ಕಿಕೊಂಡಿದ್ದರೆ ಏನು ಮಾಡುತ್ತಿದ್ದೆ ಎಂದು ನಟ ತನ್ನನ್ನೇ ಕೇಳಿಕೊಳ್ಳಬೇಕು. ಏನು ಮಾಡುತ್ತಿದ್ದೆ ಎಂದು. ಏನು ಅನುಭವಿಸುತ್ತಿದ್ದೆ ಎಂದಲ್ಲ. ಅವನ ಗ್ರಂಥದಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಪರದೆಯ ಮಡಿಕೆಯಲ್ಲಿ ಸಿಕ್ಕಿಸಿದ ಪದಕವೊಂದನ್ನು ಹುಡುಕುವಂತೆ ವಿದ್ಯಾರ್ಥಿನಿಗೆ ಹೇಳುತ್ತಾರೆ. ಅವಳು ಎದೆ ಬಡಿದುಕೊಂಡು, ತಲೆ ಹಿಡಿದುಕೊಂಡು, ರಂಗದ ಮೇಲೆಲ್ಲ ಓಡಾಡಿ, ಸಂಕಟವನ್ನು ಅದ್ಭುತವಾಗಿ ಪ್ರದರ್ಶಿಸಿದೆನೆಂದು ಹಿಗ್ಗುತ್ತಾಳೆ. ಪದಕವನ್ನು ಹುಡುಕುವುದನ್ನೇ ಮರೆತಿರುತ್ತಾಳೆ. ಅದು ಸಿಕ್ಕದಿದ್ದರೆ ಶಾಲೆಯನ್ನು ಬಿಡಬೇಕಾದೀತೆಂದು ತಿಳಿದಾಗ ಒಂದೊಂದೇ ಮಡಿಕೆಯನ್ನು ಬಿಡಿಸಿ ನೋಡತೊಡಗುತ್ತಾಳೆ. ಈಗ ಅವಳು ನಟಿಸುತ್ತಿಲ್ಲ; ಆದ್ದರಿಂದಲೇ ನೋಡುವವರ ಕಣ್ಣು ಅವಳಲ್ಲಿ ನೆಡುತ್ತದೆ.

1909ರಲ್ಲಿ ತುರ್ಗೇನೆವನ ‘ಹಳ್ಳಿಯಲ್ಲೊಂದು ತಿಂಗಳು’ ನಾಟಕದಲ್ಲಿ ಆತ ಈ ಮಾರ್ಗವನ್ನು ಪ್ರಯೋಗಿಸಿದ. ಹಳೆಯ ನಟರು ಸಂದೇಹದಿಂದಲೇ ನೋಡಿದರು. ಅದಕ್ಕಾಗಿ 1912ರಲ್ಲಿ ಎಳೆಯರ ಪ್ರತ್ಯೇಕ ಪ್ರಯೋಗಶಾಲೆ ಏರ್ಪಟ್ಟಿತು. ನಟನು ತನ್ನ ಗತಾನುಭವವನ್ನು ನೆನಪಿನಿಂದ ಎಬ್ಬಿಸಿ ಪಾತ್ರಕ್ಕೆ ಎರೆಯಬೇಕೆಂಬ ಭಾವಸ್ಮರಣೆಯ ವಿಚಾರ ಆಗ ಪ್ರಬಲವಾಗಿತ್ತು. ಅದಕ್ಕೆ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋನ ಗ್ರಂಥಗಳ ಬೆಂಬಲವಿತ್ತು.

1917ರ ಕ್ರಾಂತಿಯಲ್ಲಿ ಮನೆತನದ ಕಾರ್ಖಾನೆ, ಆಸ್ತಿ ಎಲ್ಲವೂ ಹೋಯಿತು. 1922ರಿಂದ 1924ರವರೆಗೆ ತಂಡ ಯೂರೋಪ್, ಅಮೆರಿಕಗಳಲ್ಲಿ ಸಂಚರಿಸಿತು. ಅಮೆರಿಕದವರು ಭಾವಸ್ಮರಣೆಯನ್ನೇ ಪದ್ಧತಿಯ ಸರ್ವಸ್ವವೆಂದು ಹಿಡಿದುಕೊಂಡರು. 1934ರಲ್ಲಿ ಸ್ಟೆಲಾ ಆಡ್ಲರ್ ಎಂಬ ಅಮೆರಿಕದ ನಟಿ ಪ್ಯಾರಿಸ್ಸಿನಲ್ಲಿ ಆತನನ್ನು ಕಂಡಾಗ ಗುರು ಬೇರೆಡೆಗೆ ಸಾಗಿಹೋಗಿದ್ದ. ಭಾವದ ನೆನಪು ನಟನನ್ನು ಆಯಾಸಗೊಳಿಸುತ್ತದೆ, ಬಳಸಿದಷ್ಟೂ ಸವೆಯುತ್ತದೆ. ದೇಹದ ಒಂದು ಸರಳ ಕ್ರಿಯೆಯನ್ನು ಸತ್ಯವಾಗಿ ಮಾಡಿದರೆ ಭಾವ ತಾನಾಗಿ ಹಿಂಬಾಲಿಸುತ್ತದೆ ಎಂಬ ನಿಲುವಿಗೆ ಆತ ಬಂದಿದ್ದ. ಆಂಗಿಕ ಮುಂದಾಗಿ ಸಾತ್ತ್ವಿಕ ಅದರ ಬೆನ್ನಿಗೆ ಬರುವ ಕ್ರಮವೆಂದು ನಮ್ಮ ಪರಿಭಾಷೆಯಲ್ಲಿ ಹೇಳಬಹುದೇನೋ.

1928ರಲ್ಲಿ ಮಂದಿರದ ಮೂವತ್ತನೆಯ ವರ್ಷದ ಉತ್ಸವದಂದು ‘ಮೂವರು ಸೋದರಿಯರು’ ನಾಟಕದ ಮೊದಲ ಅಂಕದಲ್ಲಿ ಅಭಿನಯಿಸುತ್ತಿದ್ದಾಗಲೇ ಅವನಿಗೆ ಹೃದಯಾಘಾತವಾಯಿತು. ಅಂಕವನ್ನು ಮುಗಿಸಿಯೇ ಕುಸಿದ. ಮತ್ತೆ ರಂಗವನ್ನೇರಲಿಲ್ಲ. ಮುಂದಿನ ಹತ್ತು ವರ್ಷ ಮನೆಯೇ ಪಾಠಶಾಲೆ. ಅಷ್ಟರಲ್ಲಿ ಸರ್ಕಾರ ಅವನ ಮಂದಿರವನ್ನು ಎಲ್ಲ ರಂಗಭೂಮಿಗೂ ಮಾದರಿಯೆಂದು ಸಾರಿ, ಪದ್ಧತಿಯನ್ನು ಶಾಸನವನ್ನಾಗಿ ಮಾಡತೊಡಗಿತ್ತು. ಆತನಾದರೋ ಒಳಗೆ ಕುಳಿತು ಅದೇ ಪದ್ಧತಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ‘ಕಡಲ ಹಕ್ಕಿ’ಯಲ್ಲಿ ಆತನೊಡನೆ ಆಡಿ, ಬಳಿಕ ಬೇರೆ ದಾರಿ ಹಿಡಿದ ಮೇಯರ್‌ಹೋಲ್ಡನ ರಂಗಮಂದಿರವನ್ನು 1938ರ ಜನವರಿಯಲ್ಲಿ ಸರ್ಕಾರ ಮುಚ್ಚಿಸಿತು. ಆತನ ಹೆಸರೆತ್ತಲೂ ಜನ ಅಂಜುತ್ತಿದ್ದ ಹೊತ್ತು. ಸಿದ್ಧಾಂತದಲ್ಲಿ ತನಗೆ ಎದುರಾಳಿಯಾಗಿದ್ದ ಅವನನ್ನು ಸ್ಟಾನಿಸ್ಲಾವ್‌ಸ್ಕಿ ಕರೆದು ತನ್ನ ಸಂಗೀತ ನಾಟಕ ಮಂದಿರದಲ್ಲಿ ಕೆಲಸ ಕೊಟ್ಟ. ಆ ಆಸರೆ ಬಹುಕಾಲ ಉಳಿಯಲಿಲ್ಲ. 1938ರ ಆಗಸ್ಟ್ 7ರಂದು ಸ್ಟಾನಿಸ್ಲಾವ್‌ಸ್ಕಿ ಕಣ್ಮುಚ್ಚಿದ. ಮರುವರ್ಷ ಮೇಯರ್‌ಹೋಲ್ಡ್ ಸೆರೆಯಾದ. 1940ರ ಫೆಬ್ರವರಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ನಟನ ಸಿದ್ಧತೆಯನ್ನು ಕುರಿತ ತನ್ನ ಗ್ರಂಥವನ್ನು ಸ್ಟಾನಿಸ್ಲಾವ್‌ಸ್ಕಿ ಶಾಸ್ತ್ರದ ರೂಪದಲ್ಲಿ ಬರೆಯಲಿಲ್ಲ. ವಿದ್ಯಾರ್ಥಿಯೊಬ್ಬನ ದಿನಚರಿಯ ರೂಪದಲ್ಲಿ ಬರೆದ. ಅದರಲ್ಲಿ ತೋರ್ತ್ಸೋವ್ ಎಂಬ ಗುರುವಿದ್ದಾನೆ, ಕೋಸ್ತ್ಯಾ ಎಂಬ ಶಿಷ್ಯನಿದ್ದಾನೆ. ಗುರುವಿನ ಮಾತುಗಳಲ್ಲಿ ಕೇಳಿಬರುವುದು ಲೇಖಕನ ವಿಚಾರಗಳೇ. ಆದರೆ ಕಾನ್‌ಸ್ಟಂಟೀನ್ ಎಂಬ ಹೆಸರನ್ನು ಮನೆಯವರು ಮುದ್ದಿನಿಂದ ಮೊಟಕುಮಾಡಿದಾಗ ಆಗುವುದು ಕೋಸ್ತ್ಯಾ. ತಪ್ಪುವವನೂ ಕೇಳುವವನೂ ಬರೆದುಕೊಳ್ಳುವವನೂ ಆದ ಶಿಷ್ಯನಿಗೇ ಆತ ತನ್ನ ಹೆಸರನ್ನು ಕೊಟ್ಟ. ಲಕ್ಷಣಗಳನ್ನು ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಗಳೂ, ಮಾಡಿಸುವ ನಾವೂ ಇಷ್ಟನ್ನು ನೆನೆದರೆ ಸಾಕು.