ಚನ್ನಗಿರಿಯ ಧೋಂಡಿಯಾ ವಾಘ್

ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಹೆಸರನ್ನ ನಾವೆಲ್ಲ ಶಾಲೆಯಲ್ಲೇ ಓದಿದ್ದೀವಿ. ಅದೇ ಮನುಷ್ಯ 1800ರಲ್ಲಿ, ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, ಮಳೆಗಾಲವೆಲ್ಲ ನಮ್ಮ ಚನ್ನಗಿರಿಯವನೊಬ್ಬನ ಬೆನ್ನುಹತ್ತಿ ಅಲೆದಿದ್ದ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಧೋಂಡಿಯಾ ಹುಟ್ಟಿದ್ದು ಚನ್ನಗಿರಿಯ ಮರಾಠ ಮನೆತನವೊಂದರಲ್ಲಿ. ಹೈದರಾಲಿಯ ಪಡೆಯಲ್ಲಿ ಸಾಮಾನ್ಯ ಕುದುರೆ ಸವಾರನಾಗಿದ್ದ. ಮೂರನೇ ಮೈಸೂರು ಯುದ್ಧದ ಗಡಿಬಿಡಿಯಲ್ಲಿ ಟಿಪ್ಪುವಿನ ಸೈನ್ಯ ಬಿಟ್ಟು ಲಕ್ಷ್ಮೇಶ್ವರದ ಕಡೆ ಹೋಗಿ, ಸ್ವಂತ ತಂಡ ಕಟ್ಟಿ ಲೂಟಿಗೆ ಇಳಿದ. 1794ರಲ್ಲಿ ಟಿಪ್ಪು ಅವನನ್ನು ಕರೆಸಿಕೊಂಡ. ಮತಾಂತರ ಮಾಡಿಸಿ ಮಲಿಕ್ ಜಹಾನ್ ಖಾನ್ ಎಂದು ಹೆಸರಿಟ್ಟ. ಆಮೇಲೆ ಶ್ರೀರಂಗಪಟ್ಟಣದಲ್ಲಿ ಸೆರೆಗೆ ಹಾಕಿದ.

1799ರ ಮೇ 4ರಂದು ಟಿಪ್ಪು ಸತ್ತ, ಕೋಟೆ ಬಿತ್ತು, ಸೆರೆಯಾಳು ಹೊರಗೆ ಬಂದ. ಟಿಪ್ಪುವಿನ ಸಾವಿರಾರು ಸೈನಿಕರಿಗೆ ಒಂದೇ ಏಟಿಗೆ ಕೆಲಸ ಹೋಗಿತ್ತು. ಅವರಿಗೆ ಸಂಬಳ ಕೊಡೋ ನಾಯಕ ಬೇಕಿತ್ತು, ಇವನಿಗೆ ಪಡೆ ಬೇಕಿತ್ತು. ಕೆಲವೇ ವಾರಗಳಲ್ಲಿ ಬಿದನೂರು, ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರದ ಸೀಮೆ ಅವನ ಕೈಗೆ ಬಂತು. ಮೈಸೂರಿನ ಸಿಂಹಾಸನದ ಮೇಲೆ ಬ್ರಿಟಿಷರು ಕೂರಿಸಿದ ಪುಟ್ಟ ಬಾಲಕ. ಇತ್ತ ಧೋಂಡಿಯಾ ತನ್ನನ್ನು ಉಭಯ ಲೋಕಾಧೀಶ್ವರ ಅಂತ ಕರೆದುಕೊಂಡ. ಅಂದರೆ ಎರಡೂ ಲೋಕಕ್ಕೆ ಒಡೆಯ!

ಅದೇ ಆಗಸ್ಟ್‌ನಲ್ಲಿ ಬ್ರಿಟಿಷರು ಅವನ ಕೋಟೆಗಳನ್ನು ಕಿತ್ತುಕೊಂಡರು. ಅವನು ಮರಾಠರ ಸೀಮೆಗೆ ಓಡಿದ. ಮರುವರ್ಷ ಮತ್ತೆ ದೊಡ್ಡ ಪಡೆ ಕೂಡಿಸಿ, ಜೂನ್‌ನಲ್ಲಿ ಕಿತ್ತೂರಿನ ಹತ್ತಿರ ಮರಾಠ ಸರದಾರ ಧೋಂಡೊಪಂತ ಗೋಖಲೆಯನ್ನು ಕೊಂದ.

ಎಂಜಿನಿಯರಿಂಗ್ ಓದೋ ನಮಗೆ ಮುಂದಿನ ಭಾಗ ಮುಖ್ಯ. ತುಂಬಿದ ಹೊಳೆಗಳೇ ತನಗೆ ಕೋಟೆ ಅಂತ ಧೋಂಡಿಯಾ ನಂಬಿದ್ದ. ವೆಲ್ಲೆಸ್ಲಿ ಹರಿಗೋಲು, ದಿನಸಿ, ಎತ್ತುಗಳ ಲೆಕ್ಕ ಮೊದಲೇ ಹಾಕಿಕೊಂಡು ಹೊಳೆ ದಾಟಿದ. ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯಲ್ಲಿ ಧೋಂಡಿಯಾನ ಸರಂಜಾಮೆಲ್ಲ ಹೋಯ್ತು, ಎಷ್ಟೋ ಜನ ಹೊಳೆಪಾಲಾದರು. ಗೆಲುವು ಇರೋವರೆಗೆ ಜೊತೆಗಿದ್ದವರು ಒಬ್ಬೊಬ್ಬರೇ ಜಾರಿಕೊಂಡರು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಸುಮಾರು 5,000 ಸವಾರರೊಂದಿಗೆ ಎದುರು ನಿಂತ ಅವನು ಅಲ್ಲೇ ಸತ್ತ. ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದ. ದೇಶ ಬಿಡುವಾಗ ಹುಡುಗನಿಗಾಗಿ ಹಣವನ್ನೂ ಇಟ್ಟುಹೋದ.

ಕೆಲವರಿಗೆ ಅವನು ಸ್ವಾತಂತ್ರ್ಯ ಹೋರಾಟಗಾರ, ಬ್ರಿಟಿಷರಿಗೆ ಬರೀ ದರೋಡೆಕೋರ. ಎರಡೂ ಪೂರ್ತಿ ಸರಿಯಲ್ಲ ಅಂತ ನಮಗನಿಸುತ್ತೆ. ಬ್ರಿಟಿಷರಿಗೆ ತಲೆಬಾಗದ ಧೈರ್ಯ ಅವನದು, ನಿಜ. ಆದರೆ ಆ ಪಡೆ ಹೊಟ್ಟೆ ಹೊರೆದದ್ದು ನಮ್ಮ ರೈತರ ಕಣಜದಿಂದ, ಅದೂ ನಿಜ. ಕೆಲಸ ಕಳೆದುಕೊಂಡವರ ಸಿಟ್ಟು ಅವನನ್ನು ಮೇಲಕ್ಕೆ ಏರಿಸಿತು. ಅದನ್ನು ರಾಜ್ಯವಾಗಿ ಕಟ್ಟೋದು ಮಾತ್ರ ಅವನಿಂದ ಆಗಲಿಲ್ಲ.