ನಿಯೆಪ್ಸನ ಕಿಟಕಿ

ಛಾಯಾಚಿತ್ರವನ್ನು ಕಂಡುಹಿಡಿದವನಾರು ಎಂಬ ಪ್ರಶ್ನೆಗೆ ಡಾಗೇರ್ ಎಂದು ಬರೆದು ಅಂಕ ಪಡೆದವರು ನಮ್ಮಲ್ಲಿ ಅನೇಕರಿರಬಹುದು. ಬೇರೊಂದು ಪುಸ್ತಕ ತೆರೆದರೆ ನಿಯೆಪ್ಸ್ ಎಂದಿರುತ್ತದೆ. ಆಗಲಿ, ನಿಯೆಪ್ಸನೇ ಇರಲಿ ಎಂದುಕೊಂಡು ಮುಂದೆ ಹೋದರೆ, ಆತನ ಮೊದಲ ಚಿತ್ರದ ವರ್ಷ ಒಂದೆಡೆ ೧೮೨೨, ಒಂದೆಡೆ ೧೮೨೬, ಮತ್ತೊಂದೆಡೆ ೧೮೨೭. ಅಚ್ಚಾದುದೆಲ್ಲ ಸತ್ಯವೆಂದು ನಂಬುವ ಮನೆಯಿಂದ ಬಂದವನು ನಾನು. ಅಕ್ಷರ ಬಾರದ ನನ್ನ ತಂದೆ ಕಾಲಿಗೆ ತಾಗಿದ ಕಾಗದದ ಚೂರನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಚ್ಚಿನ ಮಾತೇ ಮೂರು ಬಗೆಯಾದಾಗ ನಂಬುವುದು ಯಾವುದನ್ನು? ಆ ಚಡಪಡಿಕೆಯಿಂದಲೇ ಈ ರಜೆಯಲ್ಲಿ ಸಿಕ್ಕಿದುದನ್ನೆಲ್ಲ ಒಂದರೊಡನೊಂದು ತಾಳೆ ನೋಡುತ್ತ ಓದಿದೆನು.

ಆತನು ಹುಟ್ಟಿದ್ದು ೧೭೬೫ರ ಮಾರ್ಚ್ ೭ರಂದು, ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಸೋನ್ ನದಿಯ ದಡದ ಶಾಲೋನ್ ಪಟ್ಟಣದಲ್ಲಿ. ಹಡೆದವರಿಟ್ಟ ಹೆಸರು ಜೋಸೆಫ್. ನಿಸೆಫೋರ್ ಎಂಬುದು ತಾನೇ ಇಟ್ಟುಕೊಂಡದ್ದು. ಗ್ರೀಕಿನಲ್ಲಿ ಅದಕ್ಕೆ ವಿಜಯವನ್ನು ತರುವವನು ಎಂದರ್ಥ. ಮನೆತನ ಶ್ರೀಮಂತವಾದದ್ದು, ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಸೈನ್ಯದಲ್ಲಿದ್ದನು, ಕಾಯಿಲೆ ಬಿದ್ದು ಬಿಟ್ಟುಬಂದನು, ನೀಸ್ ನಗರದಲ್ಲಿ ಮದುವೆಯಾದನು, ಇಸಿಡೋರ್ ಎಂಬ ಮಗನಾದನು. ಇವುಗಳಲ್ಲಿ ತಕರಾರೇನಿಲ್ಲ.

ಹೆಚ್ಚಿನ ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುವ ಸಂಗತಿಯೆಂದರೆ ಆತನ ಅಣ್ಣ ಕ್ಲೋಡನದು. ನನಗೆ ಈ ಕಥೆಯ ತಿರುಳೇ ಅಲ್ಲಿದೆ ಎನ್ನಿಸಿತು. ಅಣ್ಣತಮ್ಮಂದಿರಿಬ್ಬರೂ ಸೇರಿ ಪಿರಿಯೊಲೊಫೋರ್ ಎಂಬ ಯಂತ್ರವನ್ನು ಕಟ್ಟಿದರು. ಸಣ್ಣ ಪುಡಿಯನ್ನು ಕೊಳವೆಯೊಳಗೆ ಊದಿ, ಉರಿಸಿ, ಆ ಸ್ಫೋಟದ ಬಲದಿಂದಲೇ ದೋಣಿಯನ್ನು ಮುಂದೆ ನೂಕುವ ಉಪಾಯವದು. ಸೋನ್ ನದಿಯಲ್ಲಿ ದೋಣಿ ಪ್ರವಾಹಕ್ಕೆದುರಾಗಿ ಚಲಿಸಿತು. ೧೮೦೭ರಲ್ಲಿ ನೆಪೋಲಿಯನ್ನನ ಸಹಿಯೊಡನೆ ಹತ್ತು ವರ್ಷದ ಹಕ್ಕುಪತ್ರವೂ ದೊರೆಯಿತು. ಇಂದು ರಸ್ತೆಯಲ್ಲಿ ಓಡುವ ಮೋಟಾರಿನ ಮುತ್ತಜ್ಜಂದಿರಲ್ಲಿ ಇದೂ ಒಂದು. ಆದರೆ ಕೊಳ್ಳುವವರಿರಲಿಲ್ಲ. ಗಿರಾಕಿಯನ್ನು ಹುಡುಕಿಕೊಂಡು ಕ್ಲೋಡ್ ಮೊದಲು ಪ್ಯಾರಿಸಿಗೂ, ೧೮೧೭ರಲ್ಲಿ ಇಂಗ್ಲೆಂಡಿಗೂ ಹೋದನು. ಲಂಡನ್ನಿನ ಹತ್ತಿರದ ಕ್ಯೂ ಎಂಬಲ್ಲಿ ನೆಲೆಸಿದನು. ತಮ್ಮನು ಊರಿನಿಂದ ಹಣ ಕಳುಹಿಸುತ್ತಲೇ ಇದ್ದನು. ಅಣ್ಣನು ಕೆಲಸ ಇನ್ನೇನು ಕೈಗೂಡಿತು ಎಂದು ಬರೆಯುತ್ತಲೇ ಇದ್ದನು. ತಾನೇ ತಾನಾಗಿ ಎಂದೂ ನಿಲ್ಲದೆ ತಿರುಗುವ ಯಂತ್ರದ ಭ್ರಮೆ ಅವನನ್ನು ಹಿಡಿದಿತ್ತು. ಮನೆತನದ ಆಸ್ತಿ ಕರಗಿತು.

ಶಾಲೋನಿಗೆ ಸಮೀಪದ ಸೇಂಟ್ ಲೂ ಎಂಬ ಹಳ್ಳಿಯ ಮನೆಯಲ್ಲಿ ನಿಸೆಫೋರನು ಬೆಳಕನ್ನು ಹಿಡಿಯುವ ಪ್ರಯೋಗ ನಡೆಸಿದ್ದು ಇದೇ ವರ್ಷಗಳಲ್ಲಿ. ಆತನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಆದ್ದರಿಂದ ಸೂರ್ಯನಿಂದಲೇ ಬರೆಯಿಸಲು ಹೊರಟನು. ೧೮೧೬ರಲ್ಲಿ ಬೆಳ್ಳಿಯ ಲವಣ ಹಚ್ಚಿದ ಕಾಗದದ ಮೇಲೆ ಚಿತ್ರ ಮೂಡಿತು, ಆದರೆ ಬೆಳಕು ಕತ್ತಲೆಗಳು ತಲೆಕೆಳಗಾಗಿ. ಅಲ್ಲದೆ ಅದು ಉಳಿಯಲಿಲ್ಲ. ಹೊರಗೆ ತೆಗೆದ ಕೂಡಲೆ ಕಾಗದವೆಲ್ಲ ಕಪ್ಪಾಗುತ್ತಿತ್ತು. ಕೊನೆಗೆ ಆತನ ಕೈಹಿಡಿದದ್ದು ನಮ್ಮ ರಸ್ತೆಗೆ ಹಾಕುವ ಡಾಂಬರಿನ ಜಾತಿಗೆ ಸೇರಿದ ಬಿಟುಮೆನ್. ಇದನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ತಗಡಿಗೆ ತೆಳ್ಳಗೆ ಬಳಿದು ಬೆಳಕಿಗಿಟ್ಟರೆ, ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ. ಬೀಳದ ಕಡೆ ಮೆದುವಾಗಿಯೇ ಇದ್ದು, ಎಣ್ಣೆಯಿಂದ ತೊಳೆದರೆ ಹೋಗಿಬಿಡುತ್ತದೆ. ಉಳಿದದ್ದೇ ಚಿತ್ರ. ಸೂರ್ಯನ ಬರಹವೆಂಬ ಅರ್ಥದಲ್ಲಿ ಆತನು ಇದಕ್ಕೆ ಹೀಲಿಯೋಗ್ರಾಫಿ ಎಂದು ಹೆಸರಿಟ್ಟನು.

ಈಗ ವರ್ಷದ ತಕರಾರಿಗೆ ಬರೋಣ. ೧೮೨೨ ಎಂಬುದು ಸುಳ್ಳಲ್ಲ. ಆದರೆ ಬೇರೆ ಸಂಗತಿಗೆ ಸೇರಿದ್ದು. ಆ ವರ್ಷ ಆತನು ಪೋಪ್ ಏಳನೆಯ ಪಯಸನ ಅಚ್ಚುಚಿತ್ರವೊಂದನ್ನು ಬಿಟುಮೆನ್ ಬಳಿದ ಗಾಜಿನ ಮೇಲೆ ಹಾಸಿ ಬಿಸಿಲಿಗಿಟ್ಟು ನಕಲು ತೆಗೆದನು. ಅದಕ್ಕೆ ಕ್ಯಾಮರಾ ಇರಲಿಲ್ಲ. ಆ ಗಾಜೂ ಈಗಿಲ್ಲ. ಸೇಂಟ್ ಲೂ ಊರಿನ ಸ್ಮಾರಕದ ಮೇಲೆ ಛಾಯಾಚಿತ್ರ ಹುಟ್ಟಿದ ವರ್ಷವೆಂದು ೧೮೨೨ನ್ನೇ ಕೆತ್ತಿದ್ದಾರೆ. ಕಲ್ಲಿನ ಮೇಲಿನದನ್ನು ನೋಡಿ ಬರೆದವರು ಹಾಗೆಯೇ ಬರೆಯುತ್ತ ಬಂದರು. ಕ್ಯಾಮರಾದಿಂದ ತೆಗೆದು ಇಂದಿಗೂ ಉಳಿದಿರುವ ಮೊದಲ ಚಿತ್ರ ಬೇರೆ. ಅದು ಆ ಮನೆಯ ಮಾಳಿಗೆಯ ಕಿಟಕಿಯಿಂದ ಕಂಡ ನೋಟ: ಒಂದು ಇಳಿಜಾರು ಸೂರು, ಗೋಪುರದಂಥ ಪಾರಿವಾಳದ ಮನೆ, ಹಿಂದೆ ಒಂದು ಮರ. ತವರದ ಮಿಶ್ರಲೋಹದ ಆ ತಗಡು ಹದಿನಾರು ಸೆಂಟಿಮೀಟರ್ ಎತ್ತರ, ಇಪ್ಪತ್ತು ಸೆಂಟಿಮೀಟರ್ ಅಗಲದ್ದು. ಅದನ್ನು ಹುಡುಕಿ ತೆಗೆದ ಇತಿಹಾಸಕಾರ ಗರ್ನ್‌ಷೀಮ್ ೧೮೨೬ ಎಂದನು. ಅನಂತರ ಪತ್ರಗಳನ್ನು ಪರಿಶೀಲಿಸಿದ ಕೆಲವರು ೧೮೨೭ರ ಬೇಸಗೆ ಎನ್ನುತ್ತಾರೆ. ಎಚ್ಚರಿಕೆಯುಳ್ಳ ಪುಸ್ತಕಗಳು ಎರಡನ್ನೂ ಅಚ್ಚುಹಾಕುತ್ತವೆ. ಪರೀಕ್ಷೆಗೆ ಒಂದೇ ವರ್ಷ ಬೇಕೆನ್ನುವವರಿಗೆ ಇದು ರುಚಿಸದಿರಬಹುದು. ನನಗಂತೂ ಅದೇ ಪ್ರಾಮಾಣಿಕವಾದ ಉತ್ತರವೆಂದು ತೋರುತ್ತದೆ.

೧೮೨೭ರಲ್ಲಿ ಅಣ್ಣನಿಗೆ ಕಾಯಿಲೆಯೆಂದು ತಿಳಿದು ಆತನು ಇಂಗ್ಲೆಂಡಿಗೆ ಹೋದನು. ಹೋಗಿ ನೋಡಿದರೆ ಕ್ಲೋಡನಿಗೆ ಬುದ್ಧಿಭ್ರಮಣೆಯಾಗಿತ್ತು. ಇಷ್ಟು ವರ್ಷ ಪತ್ರಗಳಲ್ಲಿ ಓದಿದ ಯಶಸ್ಸು ಕಣ್ಣೆದುರಿಗೆ ಏನೂ ಇರಲಿಲ್ಲ. ಅಲ್ಲಿ ಫ್ರಾನ್ಸಿಸ್ ಬಾವರ್ ಎಂಬ ಸಸ್ಯಚಿತ್ರಕಾರನು ಈತನ ತಗಡುಗಳನ್ನು ನೋಡಿ ಬೆರಗಾಗಿ, ರಾಯಲ್ ಸೊಸೈಟಿಗೆ ನಿವೇದಿಸಿಕೊಳ್ಳುವಂತೆ ಪ್ರೇರೇಪಿಸಿದನು. ಆದರೆ ನಿಯೆಪ್ಸನು ವಿಧಾನದ ಗುಟ್ಟನ್ನು ಬಿಟ್ಟುಕೊಡಲೊಲ್ಲನು. ಗುಟ್ಟು ಹೇಳದ ನಿವೇದನೆಯನ್ನು ಸೊಸೈಟಿ ಸ್ವೀಕರಿಸಲೊಲ್ಲದು. ಕೆಲವರು ಸೊಸೈಟಿಯನ್ನು ಬಯ್ಯುತ್ತಾರೆ, ಕೆಲವರು ಆತನ ಜಿಪುಣತನವೆನ್ನುತ್ತಾರೆ. ಮನೆಯ ಗಂಟನ್ನೆಲ್ಲ ಒಂದು ಯಂತ್ರ ನುಂಗಿದ ಮೇಲೆ ಉಳಿದೊಂದು ಗುಟ್ಟನ್ನು ಯಾವನು ಪುಕ್ಕಟೆ ಕೊಟ್ಟಾನು? ತಗಡುಗಳನ್ನು ಬಾವರನ ಬಳಿ ಬಿಟ್ಟು ಆತನು ಊರಿಗೆ ಮರಳಿದನು. ಮರುವರ್ಷದ ಆರಂಭದಲ್ಲೇ ಅಣ್ಣನು ತೀರಿಕೊಂಡನು.

ಡಾಗೇರನು ಪ್ಯಾರಿಸಿನಲ್ಲಿ ಡಯೊರಾಮ ಎಂಬ ಬೆಳಕಿನಾಟದ ಪ್ರದರ್ಶನಶಾಲೆ ನಡೆಸುತ್ತಿದ್ದ ಚಿತ್ರಕಾರ. ಇಬ್ಬರಿಗೂ ಮಸೂರ ಮಾರುತ್ತಿದ್ದ ಶೆವಾಲಿಯೆ ಅಂಗಡಿಯವರ ಮೂಲಕ ಪರಿಚಯವಾಗಿ, ೧೮೨೯ರ ಡಿಸೆಂಬರಿನಲ್ಲಿ ಹತ್ತು ವರ್ಷದ ಪಾಲುದಾರಿಕೆಯ ಕರಾರಾಯಿತು. ಕರಾರು ಮುಗಿಯುವವರೆಗೆ ನಿಯೆಪ್ಸನು ಬದುಕಲಿಲ್ಲ. ೧೮೩೩ರ ಜುಲೈ ೫ರಂದು ಹಠಾತ್ತನೆ ತೀರಿಕೊಂಡನು. ಮಗನಿಗೆ ಬಂದದ್ದು ಸಾಲ ಮತ್ತು ಆ ಕರಾರು. ೧೮೩೭ರ ಹೊಸ ಕರಾರಿನಲ್ಲಿ ಹೊಸ ವಿಧಾನಕ್ಕೆ ಡಾಗೇರನೊಬ್ಬನ ಹೆಸರೇ ಇರತಕ್ಕದ್ದೆಂದು ಇಸಿಡೋರನು ಒಪ್ಪಿ ಸಹಿಹಾಕಿದನು.

ಡಾಗೇರನು ಕಳ್ಳನೆಂದು ಬರೆದ ಲೇಖನಗಳನ್ನು ಓದಿ ನನಗೂ ರಕ್ತ ಕುದಿದಿತ್ತು. ಆದರೆ ತಾಳೆ ನೋಡಿದರೆ ಮಾತು ಅಷ್ಟು ಸರಳವಲ್ಲ. ಅಯೊಡಿನ್ ಹಿಡಿದ ಬೆಳ್ಳಿಯ ತಗಡಿನ ಮೇಲೆ ಕಣ್ಣಿಗೆ ಕಾಣದಿದ್ದ ಚಿತ್ರವನ್ನು ಪಾದರಸದ ಆವಿಯಿಂದ ಎಬ್ಬಿಸಿದವನು ನಿಜವಾಗಿಯೂ ಡಾಗೇರನೇ. ಆದರೆ ಬೆಳ್ಳಿಯ ತಗಡನ್ನೂ ಅಯೊಡಿನ್ನನ್ನೂ ಮೊದಲು ಈ ಕೆಲಸಕ್ಕೆ ತಂದವನು ನಿಯೆಪ್ಸ್. ೧೮೩೯ರ ಜನವರಿ ೭ರಂದು ಅರಾಗೊ ಪಂಡಿತನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಘೋಷಿಸಿದ ಮೇಲೆ ಸರ್ಕಾರವು ಡಾಗೇರನಿಗೆ ವರ್ಷಕ್ಕೆ ೬೦೦೦ ಫ್ರಾಂಕ್, ಇಸಿಡೋರನಿಗೆ ೪೦೦೦ ಫ್ರಾಂಕ್ ವೇತನ ಗೊತ್ತುಮಾಡಿತು. ಅನ್ಯಾಯಕ್ಕೆ ಸಾಕ್ಷಿಯೆಂದು ಈ ಅಂಕಿಗಳನ್ನೇ ಎತ್ತಿ ತೋರಿಸುವುದುಂಟು. ೬೦೦೦ದಲ್ಲಿ ೨೦೦೦ ಡಯೊರಾಮದ ಗುಟ್ಟು ತಿಳಿಸಿದ್ದಕ್ಕೆ ಕೊಟ್ಟದ್ದು. ಛಾಯಾಚಿತ್ರದ ಪಾಲು ಇಬ್ಬರದೂ ಸಮ. ಅನ್ಯಾಯವಾದದ್ದು ಹಣದಲ್ಲಲ್ಲ, ಹೆಸರಿನಲ್ಲಿ. ೧೮೪೧ರಲ್ಲಿ ಇಸಿಡೋರನು ತಂದೆಯ ಪರವಾಗಿ ಪುಸ್ತಿಕೆಯೊಂದನ್ನು ಅಚ್ಚುಹಾಕಿಸಿದನು. ಅಷ್ಟರಲ್ಲಿ ಡಾಗೇರೊಟೈಪ್ ಎಂಬ ಮಾತು ಲೋಕವೆಲ್ಲ ಹಬ್ಬಿಯಾಗಿತ್ತು.

ಕಿಟಕಿಯ ತಗಡು ೧೮೯೮ರ ಪ್ರದರ್ಶನವೊಂದರ ಬಳಿಕ ಕಣ್ಮರೆಯಾಯಿತು. ಹೆಲ್ಮುಟ್ ಗರ್ನ್‌ಷೀಮನೂ ಆತನ ಪತ್ನಿ ಅಲಿಸನಳೂ ೧೯೫೨ರಲ್ಲಿ ಇಂಗ್ಲೆಂಡಿನ ಮನೆಯೊಂದರ ಟ್ರಂಕಿನಲ್ಲಿ ಅದನ್ನು ಪತ್ತೆಮಾಡಿದರು. ಅದಕ್ಕೆ ಎಂಟು ಗಂಟೆಯ ಬೆಳಕು ಬೇಕಾಯಿತೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಎದುರು ಬದುರಿನ ಎರಡು ಗೋಡೆಗಳ ಮೇಲೂ ಬಿಸಿಲು ಬಿದ್ದಿರುವುದರಿಂದ ಮಾಡಿದ ಊಹೆಯಿದು. ಆತನ ವಿಧಾನವನ್ನೇ ಅನುಸರಿಸಿ ಇತ್ತೀಚೆಗೆ ಪ್ರಯೋಗ ಮಾಡಿದ ಫ್ರೆಂಚ್ ಸಂಶೋಧಕರು ಹಲವು ದಿನಗಳೇ ಹಿಡಿದಿರಬೇಕೆಂದಿದ್ದಾರೆ. ಪುಸ್ತಕಗಳಲ್ಲೆಲ್ಲ ಅಚ್ಚಾಗುವ ಚುಕ್ಕೆಚುಕ್ಕೆಯ ಆ ಚಿತ್ರವೂ ತಗಡಿನ ನೇರ ಪ್ರತಿಯಲ್ಲ. ಕೊಡಕ್ ಪ್ರಯೋಗಶಾಲೆಯವರು ಕಷ್ಟಪಟ್ಟು ತೆಗೆದ ಪ್ರತಿಯ ಮೇಲೆ ಗರ್ನ್‌ಷೀಮನು ಜಲವರ್ಣದಿಂದ ಕೈಯಾಡಿಸಿ ತಿದ್ದಿದ್ದು ಅದು. ೧೯೬೩ರಿಂದ ಮೂಲ ತಗಡು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದೆ. ಎದುರಿಗೆ ನೇರವಾಗಿ ನಿಂತರೆ ಕಾಣುವುದು ಬರಿಯ ಹೊಳೆಯುವ ಲೋಹ. ಪಕ್ಕಕ್ಕೆ ಸರಿದು, ತಲೆ ಓರೆಮಾಡಿ, ಬೆಳಕು ಒಂದು ಕೋನಕ್ಕೆ ಬಂದಾಗ ಮಾತ್ರ ಸೂರೂ ಪಾರಿವಾಳದ ಮನೆಯೂ ಮೆಲ್ಲನೆ ಮೇಲೇಳುತ್ತವಂತೆ.